ಹಳೇ ಉಬುಂಟು, ಹೊಸ ಪ್ರೋಗ್ರಾಮ್

ಕುಂಬಳೆ, ಬದಿಯಡ್ಕ ಕಡೆ ಉಬುಂಟು 18.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಮಿನ ಒಂದು ಹಳೇ ಆವೃತ್ತಿ) ಇರುವ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಒಂದು ಮಾತು. ಅದರಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ ನೋಡ್ 18 ಎಂಬ ಪ್ರೋಗ್ರಾಮ್ ಓಡಿಸಿದರೆ ‘ಗ್ಲಿಬ್‌ಸಿ 2.28 ಸಿಗಲಿಲ್ಲ’ ಎಂದು ನಿಂತುಬಿಡುತ್ತದೆ. ಗ್ಲಿಬ್‌ಸಿ ಎಂದರೆ ಹೆಚ್ಚಿನ ಪ್ರೋಗ್ರಾಮುಗಳು ಆತುಕೊಂಡಿರುವ ಮೂಲ ಲೈಬ್ರರಿ. 18.04ರಲ್ಲಿ ಇರುವುದು ಅದರ 2.27. ಒಂದೇ ಮೆಟ್ಟಿಲು ಕಮ್ಮಿ! ಡಿಸ್ಕು, ಕೀಬೋರ್ಡು ಎಲ್ಲ ಗಟ್ಟಿಮುಟ್ಟು, ವಯಸ್ಸಾದದ್ದು ಒಂದು ಲೈಬ್ರರಿಗೆ ಮಾತ್ರ. ಹಳೇ ಪ್ರೋಗ್ರಾಮನ್ನು ಹೊಸ ಗ್ಲಿಬ್‌ಸಿ ಸಾಕುತ್ತದೆ, ಹೊಸದನ್ನು ಹಳೆಯದು ಸಾಕುವುದಿಲ್ಲ.

ಹಾಗೆಂದು ಬೇರೆ ಕಡೆಯಿಂದ ಹೊಸ ಲಿಬ್‌ಸಿ ಫೈಲು (ಗ್ಲಿಬ್‌ಸಿಯ ಮುಖ್ಯ ಫೈಲು) ತಂದು ಸಿಸ್ಟಮ್ ಫೋಲ್ಡರಿಗೆ ಹಾಕಬೇಡಿ, ದಮ್ಮಯ್ಯ. ಲಿಬ್‌ಸಿಯೂ, ಪ್ರೋಗ್ರಾಮಿಗೆ ಲೈಬ್ರರಿ ಜೋಡಿಸಿ ಎಬ್ಬಿಸುವ ಲೋಡರೂ ಒಂದೇ ಆವೃತ್ತಿಯ ಜೋಡಿ ಆಗಿರಬೇಕು. ಜೋಡಿ ತಪ್ಪಿದರೆ ಎಲ್‌ಎಸ್, ಸಿಪಿ, ಸುಡೊ ಮುಂತಾದ ದಿನಬಳಕೆಯ ಕಮಾಂಡು ಒಂದೂ ಏಳುವುದಿಲ್ಲ. ಫೈಲನ್ನು ವಾಪಸ್ ಇಡಲಿಕ್ಕೂ ಕಮಾಂಡ್ ಇರುವುದಿಲ್ಲ. ಮತ್ತೆ ಪೆನ್‌ಡ್ರೈವಿನಿಂದ ಲೈವ್ ಬೂಟ್ ಮಾಡಿಯೇ ಸರಿಪಡಿಸಬೇಕು. ಹೊಸ ಲಿಬ್‌ಸಿ ಇರುವ ಫೋಲ್ಡರನ್ನು ಲೈಬ್ರರಿ ಪಾತ್ (ಲೈಬ್ರರಿ ಹುಡುಕುವ ದಾರಿ) ಎಂದು ಬ್ಯಾಶ್‌ಆರ್‌ಸಿಯಲ್ಲಿ, ಅಂದರೆ ಟರ್ಮಿನಲ್ ತೆರೆದಾಗ ಓದುವ ಸೆಟ್ಟಿಂಗ್ ಫೈಲಿನಲ್ಲಿ, ಎಕ್ಸ್‌ಪೋರ್ಟ್ ಮಾಡುವುದೂ ಇದೇ ಜಾತಿಯ ತಂಟೆ.

ಪ್ರೋಗ್ರಾಮನ್ನು ಪ್ರತ್ಯೇಕ ಡಬ್ಬಿಯೊಳಗೆ ಓಡಿಸುವ ಡಾಕರಿನಲ್ಲಿ ಉಬುಂಟು 22.04ರ ಇಮೇಜ್ (ಸಿದ್ಧ ಫೈಲುಗಳ ಕಟ್ಟು) ಎಳೆದು ಅದರೊಳಗೆ ಓಡಿಸುವುದು ಸುಲಭ. ಗ್ಲಿಬ್‌ಸಿ 2.35 ಇಮೇಜಿನೊಳಗೇ ಬರುತ್ತದೆ, ಕರ್ನಲ್ (ಸಿಸ್ಟಮಿನ ತಿರುಳು) ಮಾತ್ರ ನಿಮ್ಮ ಲ್ಯಾಪ್‌ಟಾಪಿನದೇ. ಆದರೆ ಡಾಕರ್ 20.10.10ಕ್ಕಿಂತ ಹಳೆಯದಾದರೆ ಥ್ರೆಡ್ (ಪ್ರೋಗ್ರಾಮಿನೊಳಗಿನ ಕೆಲಸದ ಎಳೆ) ಶುರು ಮಾಡಲು ಕರ್ನಲಿಗೆ ಹೋಗುವ ಕ್ಲೋನ್3 ಎಂಬ ಕರೆಗೆ ತಡೆ ಬಿದ್ದು, ಥ್ರೆಡ್ ಏಳದೆ ‘ಅನುಮತಿ ಇಲ್ಲ’ ಎನ್ನುತ್ತದೆ. ಮೊದಲು ಡಾಕರನ್ನೇ ಅಪ್‌ಡೇಟ್ ಮಾಡಿ. ಆ್ಯಪ್‌ಇಮೇಜನ್ನು (ಒಂದೇ ಫೈಲಿನಲ್ಲಿ ಬರುವ ಪ್ರೋಗ್ರಾಮ್ ಕಟ್ಟು) ನಂಬಿ ಕೂರಬೇಡಿ, ಸಾಮಾನ್ಯವಾಗಿ ಅದು ಗ್ಲಿಬ್‌ಸಿ ಹೊತ್ತು ತರುವುದಿಲ್ಲ. ಪ್ರೋಗ್ರಾಮಿನ ಸೋರ್ಸ್ ಕೋಡ್ ಸಿಕ್ಕಿದರೆ 18.04ರಲ್ಲೇ ಕಂಪೈಲ್ ಮಾಡಿ (ಓಡುವ ಪ್ರೋಗ್ರಾಮಾಗಿ ಕಟ್ಟಿ) ನೋಡಬಹುದು. ಕಂಪೈಲರ್ ಹಳತಾಯಿತೆಂದು ಅದೂ ಗೊಣಗಬಹುದು.