ಒಂಬತ್ತು ಮಿಲಿಮೀಟರ್ ನಾಜಲ್

ಇಷ್ಟು ರಾಕೆಟ್ ಹುಚ್ಚಿದ್ದೂ ನಾನು ಮದ್ದಿನ ಮೋಟಾರನ್ನು, ಅಂದರೆ ಮದ್ದು ಉರಿಸಿ ರಾಕೆಟ್ಟನ್ನು ನೂಕುವ ಭಾಗವನ್ನು, ಏಕೆ ಮಾಡುವುದಿಲ್ಲ ಎಂದು ಕೇಳುವವರಿದ್ದಾರೆ. 1884ರ ಸ್ಫೋಟಕ ಕಾಯ್ದೆ ಮತ್ತು 2008ರ ನಿಯಮಗಳ ಪ್ರಕಾರ ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಗೋಡೆಗೆ ಗೋಡೆ ತಾಗಿದ ಬೆಂಗಳೂರಿನ ರಾಜಾಜಿನಗರದ ಮನೆಗಳ ನಡುವೆ ಕುಳಿತು ಅಂಥ ಕೆಲಸಕ್ಕೆ ಕೈಹಾಕುವ ಹಕ್ಕು ನನಗಿದೆ ಎಂದು ನಾನು ಭಾವಿಸಿಲ್ಲ. ನನ್ನ ಮೋಟಾರು ನೀರು ಮತ್ತು ಗಾಳಿಯದು.

"ಮಾವ, ಬೆಂಕಿಯೇ ಇಲ್ಲವಲ್ಲ, ಇದು ರಾಕೆಟ್ ಹೇಗಾಯಿತು?" ಎಂದು ಅಕ್ಕನ ಮಗಳು ಕೇಳಿದಳು. ಏನನ್ನಾದರೂ ಹಿಂದಕ್ಕೆ ರಭಸದಿಂದ ಎಸೆದು ತಾನು ಮುಂದಕ್ಕೆ ಹೋಗುವುದೆಲ್ಲ ರಾಕೆಟ್ಟೇ ಎಂದೆ. ಎರಡು ಲೀಟರಿನ ಸೋಡಾ ಬಾಟಲಿಗೆ 600 ಮಿಲಿಲೀಟರ್ ನೀರು ತುಂಬಿ, ಸೈಕಲ್ ಪಂಪಿನಿಂದ 60 ಪಿಎಸ್‌ಐ ಒತ್ತಡದವರೆಗೆ ಗಾಳಿ ಒತ್ತಿದರೆ ನೀರು ಹೊರಬೀಳುವ ವೇಗ ಮೊದಲಲ್ಲಿ ಸೆಕೆಂಡಿಗೆ ಸುಮಾರು 29 ಮೀಟರ್. ಬಾಟಲಿಯ ಬಾಯಿಯನ್ನು ಹಾಗೆಯೇ ಬಿಟ್ಟರೆ ನೂಕುಬಲ ಆರಂಭದಲ್ಲಿ 30 ಕಿಲೋ ಭಾರಕ್ಕೆ ಸಮ! ಆದರೆ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವುದರೊಳಗೆ ನೀರೆಲ್ಲ ಖಾಲಿ.

ನನಗೆ ಆ ನೂಕುಬಲವನ್ನು ಅಳೆಯಬೇಕಿತ್ತು. ಹಾರಿಸುವುದಕ್ಕಿಂತ ಅಳೆಯುವುದರಲ್ಲೇ ನನಗೆ ಹೆಚ್ಚು ಸುಖ. ಎಸ್.ಪಿ. ರಸ್ತೆಯಲ್ಲಿ 10 ಕಿಲೋವರೆಗಿನ ಬಲ ಅಳೆಯುವ ಲೋಡ್ ಸೆಲ್ ಮತ್ತು ಅದರ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್ 711 ಬೋರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಆ ಬೋರ್ಡ್ ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಮಾತ್ರ ಓದುತ್ತದೆ. ಚಿಪ್ಪಿನ 15ನೇ ಕಾಲನ್ನು ಬೆಸುಗೆಯಿಂದ ಬಿಡಿಸಿ ವಿದ್ಯುತ್ ಸರಬರಾಜಿನ ಕಡೆಗೆ ಜೋಡಿಸಿದರೆ 80 ಸಲ ಓದುತ್ತದೆ. ಅಕ್ಕಿಕಾಳಿಗಿಂತ ಸಣ್ಣದಾದ ಆ ಕಾಲನ್ನು ಮುರಿಯದೆ ಎತ್ತಲು ಭೂತಗನ್ನಡಿಯೂ ಗಟ್ಟಿ ಕೈಯೂ ಬೇಕು. ಅಷ್ಟಾದರೂ ತೆರೆದ ಬಾಯಿಯ ಬಾಟಲಿಗೆ ಐದಾರು ಅಂಕಿಗಳಷ್ಟೇ ಸಿಗುತ್ತವೆ, ಜೊತೆಗೆ 30 ಕಿಲೋ ಹೊಡೆತಕ್ಕೆ ಸೆಲ್ಲೇ ಉಳಿಯದು. ಹಾಗಾಗಿ ಬಾಟಲಿಯ ಬಾಯಿಗೆ ಕಿರಿದಾದ ನಾಜಲ್, ಅಂದರೆ ನೀರು ಹೊರಬೀಳುವ ತೂತಿನ ಬಿರಡೆ, ಮಾಡಿದೆ.

ಪೀಣ್ಯದಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ, ಮಾಲೀಕರನ್ನು ಕೇಳಿಕೊಂಡು, ಪಾಳಿ ಮುಗಿದ ಮೇಲೆ ನೈಲಾನ್ ತುಂಡನ್ನು ಲೇತಿಗೆ ಕಟ್ಟುತ್ತೇನೆ. 9 ಮಿಲಿಮೀಟರ್ ತೂತು ಹೊಡೆಯುವುದು ಕ್ಷಣದ ಕೆಲಸ. ನಿಜವಾದ ಕೆಲಸವಿರುವುದು ಒಳಬದಿಯ ಅಂಚಿನಲ್ಲಿ. ಅಂಚು ಚೂಪಾಗಿದ್ದರೆ ನೀರು ತಿರುಗಿಕೊಳ್ಳಲಾಗದೆ ಗೋಡೆ ಬಿಟ್ಟು ಕುಗ್ಗುತ್ತದೆ, ತೂತಿನ ಪೂರ್ತಿ ಅಗಲ ದಕ್ಕುವುದಿಲ್ಲ. ಟೂಲಿನಿಂದ ಅಂಚನ್ನು ದುಂಡಗೆ ತಿರುಗಿಸಿ, ನಯವಾದ ಎಮರಿ ಕಾಗದದಿಂದ ಉಜ್ಜಿ, ಬೆರಳಿಟ್ಟರೆ ಎಲ್ಲೂ ತಡೆಯಬಾರದು. ಹಾಗೆ ಮಾಡಿದ ನಾಜಲ್‌ನಿಂದ ನೀರು ಗಾಜಿನ ಸಲಾಕೆಯಂತೆ ನೆಟ್ಟಗೆ ಬರುತ್ತದೆ.

ಈಗ ನೂಕುಬಲ ಐದು ಕಿಲೋಗೆ ಸ್ವಲ್ಪ ಮೇಲಕ್ಕೆ ಏರಿ, ನೀರು ಮುಗಿಯುವ ಹೊತ್ತಿಗೆ ಅರ್ಧಕ್ಕೆ ಇಳಿಯುತ್ತದೆ. ಸಮಯದೊಡನೆ ನೂಕುಬಲ ಬದಲಾಗುವ ಗ್ರಾಫಿನ ಕೆಳಗಿನ ಕ್ಷೇತ್ರಫಲ, ಅಂದರೆ ಮೋಟಾರು ಕೊಟ್ಟ ಒಟ್ಟು ನೂಕು, 14 ನ್ಯೂಟನ್-ಸೆಕೆಂಡಿನ ಆಸುಪಾಸು ಬಂತು. ಕಾಗದದ ಮೇಲೆ ನಾನು ಹಾಕಿದ್ದ ಲೆಕ್ಕ 15. ಹವ್ಯಾಸಿ ಮದ್ದಿನ ಮೋಟಾರುಗಳನ್ನು ಒಟ್ಟು ನೂಕಿನ ಮೇಲೆ ಅಕ್ಷರಗಳಿಂದ ವಿಂಗಡಿಸುವ ಪಟ್ಟಿಯಲ್ಲಿ ಇದು 'ಡಿ' ದರ್ಜೆ! ನನ್ನ ಕೈಯ ಕೆಲಸ ಲೆಕ್ಕಕ್ಕೆ ಅಷ್ಟು ಹತ್ತಿರ ಬಂದದ್ದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಗಡಿಯಿಂದ ತಂದ ಯಾವ ಮೋಟಾರೂ ಅದನ್ನು ಕೊಡಲಾರದು.

ಖರ್ಚು? ಬಾಟಲಿಗಳು ಕಲ್ಯಾಣ ಮಂಟಪದಿಂದ ಪುಕ್ಕಟೆ ಬರುತ್ತವೆ. ದುಬಾರಿಯಾದದ್ದು ಭಾನುವಾರಗಳು, ಮತ್ತು ಮನೆಯವರ ಸಹನೆ. ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಯಾವ ಉಳಿತಾಯವನ್ನೂ ಒಪ್ಪುವುದಿಲ್ಲ. ಹೊಸ ಬಾಟಲಿಗೆ ಮೊದಲು ಗಾಳಿಯೇ ಉಳಿಯದಂತೆ ನೀರು ತುಂಬಿ, ಬಳಸುವುದಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ನೋಡುತ್ತೇನೆ. ನೀರು ಹೆಚ್ಚು ಕುಗ್ಗುವುದಿಲ್ಲ, ಆದ್ದರಿಂದ ಒಡೆದರೂ ಸಿಡಿತ ಕಡಿಮೆ. ಕುಡಿಯುವ ನೀರಿನ ತೆಳು ಬಾಟಲಿ ಈ ಕೆಲಸಕ್ಕೆ ಸಲ್ಲದು. ಕನ್ನಡಕ, ಉದ್ದನೆಯ ಹಗ್ಗ, ದೂರ ನಿಲ್ಲುವುದು ಇವು ಕಡ್ಡಾಯ.

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬಳಿಯ ತಾರಾಮಂಡಲಪೇಟೆಗೆ ಆ ಹೆಸರು ಬಂದದ್ದು ಟಿಪ್ಪು ಕಾಲದ ರಾಕೆಟ್‌ಗಳಿಂದ ಎನ್ನುತ್ತಾರೆ. ಮೈಸೂರಿನ ಆ ರಾಕೆಟ್‌ಗಳ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ, ಅದು ಹೆಚ್ಚು ಒತ್ತಡ ತಡೆಯುತ್ತಿತ್ತು. ಒತ್ತಡ ಹಿಡಿದಿಡುವ ಪಾತ್ರೆಯೇ ಮೋಟಾರಿನ ಜೀವ ಎಂಬುದನ್ನು ನಾನು ಪ್ಲಾಸ್ಟಿಕ್ ಬಾಟಲಿಯಲ್ಲೇ ಕಲಿತೆ.

ಮುಂದಿನ ನಾಜಲ್ 7 ಮಿಲಿಮೀಟರ್. ಲೆಕ್ಕದ ಪ್ರಕಾರ ನೂಕುಬಲ ಮೂರು ಕಿಲೋ ಚಿಲ್ಲರೆಗೆ ಇಳಿಯುತ್ತದೆ, ಅವಧಿ ಅರ್ಧ ಸೆಕೆಂಡ್ ದಾಟುತ್ತದೆ. ಏರುವ ವೇಗ ಕಡಿಮೆಯಾದಾಗ ರಾಕೆಟ್ ವಾಲದಿರಲು ಉದ್ದನೆಯ ಹಳಿ ಬೇಕಾಗುತ್ತದೆ. ಅದಕ್ಕೆ ಅಲ್ಯೂಮಿನಿಯಂ ಚಾನಲ್ ಹುಡುಕುತ್ತಿದ್ದೇನೆ.