ಮೂರು ಸೊನ್ನೆ ಬರೆದ ದಿನ

ಕೀಟ ಸಮೀಕ್ಷೆ ಕೆಲಸಕ್ಕೆ ಸೇರಿದ ಹೊಸತು. ವಿರಾಜಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಮರಳುನೊಣ ಅನ್ನೋ ರಕ್ತ ಹೀರುವ ಪುಟ್ಟ ಹುಳ ಹಿಡಿಯಬೇಕಿತ್ತು. ಕಾಡಂಚಿನಲ್ಲಿ ಎರಡು ದೀಪದ ಬಲೆ ಕಟ್ಟಿದೆ. ಕೆಲಸದವರ ಲೈನ್ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಇನ್ನೊಂದು, ಸುಮ್ನೆ ಹೋಲಿಕೆಗೆ. ಸಿಗೋದಿದ್ದರೆ ಕಾಡಲ್ಲೇ ಅಂತ ನನ್ನ ಲೆಕ್ಕ.

ಬೆಳಿಗ್ಗೆ ಆರಕ್ಕೆ ಇಳಿಸಿದರೆ ಮೂರರಲ್ಲೂ ಬರೀ ಪತಂಗ, ಸೊಳ್ಳೆ. ನೋಟ್‌ಬುಕ್‌ನಲ್ಲಿ ಮೂರು ಸೊನ್ನೆ ಬರೆದೆ. ಹಾಲು ಕರೆಯುತ್ತಿದ್ದ ಅಕ್ಕ ಇಣುಕಿ ನೋಡಿದರು.

"ಸಿಗಲಿಲ್ವಾ ಸಾರ್? ನಮಗೆ ರಾತ್ರಿಯಿಡೀ ಕಚ್ತವೆ. ಸದ್ದೇ ಇರಲ್ಲ."

"ಸೊಳ್ಳೆ ಇರ್ಬೇಕು ಅಕ್ಕ" ಅಂದೆ.

"ಸೊಳ್ಳೆ ಗುಂಯ್ ಅನ್ನಲ್ವಾ?" ಅಂತ ನನ್ನ ಟಾರ್ಚ್ ಇಸ್ಕೊಂಡು ಮಣ್ಣಿನ ಗೋಡೆಗೆ ಹಿಡಿದರು. ಬಿರುಕಿನ ಪಕ್ಕ ಎರಡು ಮೂರು ಮಿಲಿಮೀಟರ್‌ನ ಹುಳ, ಮರಳಿನ ಬಣ್ಣ, ಮೈತುಂಬ ರೋಮ. ರೆಕ್ಕೆ ಮೇಲಕ್ಕೆತ್ತಿ ಕೂತಿತ್ತು. ಬೆರಳು ತಂದರೆ ಹಾರಲಿಲ್ಲ, ಕುಪ್ಪಳಿಸಿತು. ಮರಳುನೊಣವೇ!

ಆಮೇಲೆ ಬಲೆಯ ಚೀಲ ಬೆಳಕಿಗೆ ಹಿಡಿದೆ. ಸೊಳ್ಳೆಪರದೆ ಬಟ್ಟೆ. ಒಳಗೆ ಬಿದ್ದ ಮರಳುನೊಣವೆಲ್ಲ ಅದರ ತೂತಿನಲ್ಲಿ ನುಸುಳಿ ಹೋಗಿತ್ತು. ನೋಡದೆ ಕಟ್ಟಿದವನು ನಾನೇ. ಒತ್ತಾದ ಬಟ್ಟೆಯ ಚೀಲ ಹೊಲಿಸಿ ಮತ್ತೆ ಕಟ್ಟಿದಾಗ ಕಾಡಂಚಿನಲ್ಲಿ ಬೆರಳೆಣಿಕೆಯಷ್ಟು ಸಿಕ್ಕವು, ಕೊಟ್ಟಿಗೆಯಲ್ಲಿ ಎಣಿಸಿ ಎಣಿಸಿ ಕಣ್ಣು ನೋಯಿತು.

ಕಾರಣ ಕೊಟ್ಟಿಗೆಯ ನೆಲದಲ್ಲೇ ಇತ್ತು. ಮರಳುನೊಣದ ಮರಿಗೆ ಸೊಳ್ಳೆಮರಿಯ ಹಾಗೆ ನೀರು ಬೇಡ. ಸಗಣಿ, ಕೊಳೆತ ಎಲೆ ಬೆರೆತ ತೇವದ ಮಣ್ಣು ಸಾಕು. ದೊಡ್ಡದಾದ ಮೇಲೂ ಅದು ದೂರ ಹಾರುವ ಜಾತಿಯಲ್ಲ. ಹಗಲು ಅಡಗಲು ಬಿರುಕು, ರಾತ್ರಿ ರಕ್ತಕ್ಕೆ ದನ, ಪಕ್ಕದಲ್ಲೇ ಮಲಗಿದ ಜನ. ಕಾಡು ಕಡಿದರೆ ಇವೂ ಹೋಗ್ತಾವೆ ಅಂದುಕೊಂಡಿದ್ದೆ. ಮರದ ಪೊಟರೆ ನಂಬಿದವು ಕಡಿಮೆಯಾಗಬಹುದು. ದನ, ಮನೆ ಹುಡುಕಿಕೊಂಡು ಬರುವವಕ್ಕೆ ನಾವೇ ಜಾಗ ಮಾಡಿಕೊಡುತ್ತೇವೆ. ಬಿಹಾರ, ಜಾರ್ಖಂಡ್ ಕಡೆ ಕಾಲಾ ಅಜಾರ್ ಅನ್ನೋ ಮಾರಕ ಜ್ವರ ಹರಡುವ ಮರಳುನೊಣದ ಜಾತಿ, ಫ್ಲೆಬೊಟೊಮಸ್ ಅರ್ಜೆಂಟಿಪೆಸ್, ಇಂಥದ್ದೇ ಕೊಟ್ಟಿಗೆವಾಸಿ. ಅದರ ಕಡಿತದಿಂದಲೇ ಮನುಷ್ಯನಿಗೆ ರೋಗ ಅಂಟುತ್ತದೆ ಅಂತ ಸಂಶೋಧಕ ಸ್ವಾಮಿನಾಥ್ ಮತ್ತು ಜೊತೆಗಾರರು 1942ರಲ್ಲಿ ತೋರಿಸಿದರು. ನಮ್ಮ ಗೋಡೆಯ ಮೇಲಿದ್ದದ್ದು ಯಾವ ಜಾತಿ ಅನ್ನೋದು ಟಾರ್ಚ್ ಬೆಳಕಿಗೆ ಗೊತ್ತಾಗಲ್ಲ. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು.

ಮೂರು ಸೊನ್ನೆ ಹೊಡೆದುಹಾಕಿ, ಪಕ್ಕದಲ್ಲಿ "ಚೀಲ ಸರಿ ಇರಲಿಲ್ಲ" ಅಂತ ಬರೆದೆ.

ಹೊರಡುವಾಗ ಅಕ್ಕನಿಗೆ ಹೇಳಿದೆ, ಬಿರುಕು ಮೆತ್ತಿ, ಗೊಬ್ಬರದ ಗುಂಡಿ ಮನೆಯಿಂದ ದೂರ ಮಾಡಿ ಅಂತ.

"ಮಣ್ಣು ನಾನು ಮೆತ್ತಬಹುದು ಸಾರ್. ಗುಂಡಿ ಎಲ್ಲಿರಬೇಕು ಅಂತ ಸಾವ್ಕಾರ್ರು ಹೇಳ್ಬೇಕಲ್ಲ" ಅಂದರು.