ಕೋವ್ ಬಂದರಿನಿಂದ ಕಾರ್ಕ್ ನಗರಕ್ಕೆ

ಸೌತಾಂಪ್ಟನ್‌ನಿಂದ ಐರ್ಲೆಂಡಿಗೆ ಹೊರಡುವ ಕ್ರೂಸ್ ಹಡಗುಗಳ ವೇಳಾಪಟ್ಟಿಯಲ್ಲಿ ‘ಕಾರ್ಕ್’ ಎಂದು ಬರೆದಿದ್ದರೂ ಹಡಗು ನಿಲ್ಲುವುದು ಕೋವ್ ಎಂಬ ಪುಟ್ಟ ಊರಿನಲ್ಲಿ. ಪ್ರಯಾಣಿಕರಲ್ಲಿ ಬಹಳಷ್ಟು ಮಂದಿ ತಿಂಡಿ ಮುಗಿಸಿದ ಕೂಡಲೇ ಬಸ್ಸು ಹತ್ತಿ, ಬ್ಲಾರ್ನಿ ಕೋಟೆಯ ಕಲ್ಲಿಗೆ ಮುತ್ತಿಟ್ಟರೆ ಮಾತಿನ ಚಾತುರ್ಯ ಬರುತ್ತದೆಂಬ ನಂಬಿಕೆಯ ಹಿಂದೆ ಹೊರಟುಬಿಡುತ್ತಾರೆ. ಇಂಗ್ಲೆಂಡಿನಲ್ಲಿ ನೆಲೆಸಿರುವ ನಾವಿಬ್ಬರು ಆ ಸಾಲಿನಲ್ಲಿ ನಿಲ್ಲದೆ, ಬೆಳಗಿನ ಹೊತ್ತನ್ನು ಕೋವ್‌ನಲ್ಲಿಯೇ ಕಳೆದು, ಮಧ್ಯಾಹ್ನ ರೈಲಿನಲ್ಲಿ ಕಾರ್ಕ್‌ಗೆ ಹೋಗಿ ಬಂದೆವು. ಧಕ್ಕೆಯ ಪಕ್ಕದಲ್ಲೇ ರೈಲು ನಿಲ್ದಾಣವಿರುವುದರಿಂದ ಇದಕ್ಕೆ ಯಾವ ಏರ್ಪಾಡೂ ಬೇಕಿಲ್ಲ.

ಊರಿನಲ್ಲಿ ಎಲ್ಲಿ ನೋಡಿದರೂ ಟೈಟಾನಿಕ್‌ನ ಹೆಸರೇ ಕಾಣುತ್ತದೆ. ಕ್ವೀನ್ಸ್‌ಟೌನ್ ಎಂದು ಆಗ ಕರೆಸಿಕೊಳ್ಳುತ್ತಿದ್ದ ಈ ಬಂದರು ಆ ಹಡಗಿನ ಕೊನೆಯ ನಿಲುಗಡೆಯಾಗಿತ್ತು. 1912ರ ಏಪ್ರಿಲ್ 11ರಂದು ಅದು ದಡಕ್ಕೆ ಬಾರದೆ ಬಂದರಿನ ಬಾಯಲ್ಲಿ, ರೋಚಸ್ ಪಾಯಿಂಟ್ ದೀಪಸ್ತಂಭದ ಬಳಿ ಲಂಗರು ಹಾಕಿತು; ಎರಡು ಸಣ್ಣ ಹಡಗುಗಳು ಇಲ್ಲಿಂದ 123 ಮಂದಿಯನ್ನು ಅಲ್ಲಿಗೆ ಒಯ್ದವು. ಅವರಲ್ಲಿ 113 ಮಂದಿ ಮೂರನೆಯ ದರ್ಜೆಯವರು. ಟೈಟಾನಿಕ್‌ನ ಒಡೆತನದ ವೈಟ್ ಸ್ಟಾರ್ ಕಂಪನಿಯ ಟಿಕೆಟ್ ಕಚೇರಿ ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಹಿಂದೆ, ಅವರು ನಡೆದು ಹೋದ ಮರದ ಅಟ್ಟಣೆಯ ಕಂಬಗಳು ಪಾಚಿ ಹಿಡಿದು ನೀರಿನಲ್ಲಿ ಇನ್ನೂ ನಿಂತಿವೆ.

ನನಗೆ ಟೈಟಾನಿಕ್‌ಗಿಂತ ದೊಡ್ಡದಾಗಿ ಕಂಡದ್ದು ಆ ಮೂರನೆಯ ದರ್ಜೆಯ ಕಥೆ. ಆಲೂಗಡ್ಡೆ ಬೆಳೆ ಕೊಳೆತು ಬಂದ 1845ರ ಕ್ಷಾಮದಿಂದ ಆರಂಭಿಸಿ ಒಂದು ಶತಮಾನದುದ್ದಕ್ಕೂ ಐರಿಷ್ ಜನ ದೇಶ ಬಿಟ್ಟರು. 1848ರಿಂದ 1950ರವರೆಗೆ ಹೋದ ಸುಮಾರು 60 ಲಕ್ಷ ಮಂದಿಯಲ್ಲಿ 25 ಲಕ್ಷ ಮಂದಿ ಹಡಗು ಹತ್ತಿದ್ದು ಈ ಒಂದು ಬಂದರಿನಲ್ಲಿ. ಧಕ್ಕೆಯ ಮೇಲಿರುವ ಆನಿ ಮೂರ್ ಎಂಬ ಹುಡುಗಿಯ ಕಂಚಿನ ಪ್ರತಿಮೆ ಅವರೆಲ್ಲರ ಪರವಾಗಿ ನಿಂತಿದೆ. ಇಬ್ಬರು ತಮ್ಮಂದಿರೊಡನೆ ಇಲ್ಲಿಂದ ಹೊರಟ ಆಕೆ, ನ್ಯೂಯಾರ್ಕ್‌ನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ 1892ರ ಜನವರಿ 1ರಂದು ತೆರೆದಾಗ ಅಲ್ಲಿ ದಾಖಲಾದ ಮೊದಲಿಗಳು. ವೀಸಾ, ವಿಮಾನ, ವಾರಕ್ಕೊಂದು ವೀಡಿಯೊ ಕರೆ ಇರುವ ನಮ್ಮ ವಲಸೆಯನ್ನು ಇದರ ಪಕ್ಕದಲ್ಲಿಟ್ಟು ನೋಡುವ ಧೈರ್ಯ ನನಗಾಗಲಿಲ್ಲ.

ಬಂದರಿನ ಎದುರಿಗೆ ಹಾಲ್‌ಬೋಲೈನ್ ದ್ವೀಪದಲ್ಲಿ ಐರಿಷ್ ನೌಕಾಪಡೆಯ ನೆಲೆ ಕಾಣುತ್ತದೆ. ಇಲ್ಲಿಯವರಿಗೆ ಕಡಲ ದುರಂತಗಳು ಹೊಸತಲ್ಲ: 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಪ್ರಯಾಣಿಕರ ಹಡಗು ಲೂಸಿಟೇನಿಯಾ ಮುಳುಗಿದಾಗ ಬದುಕುಳಿದವರನ್ನೂ ಹೆಣಗಳನ್ನೂ ಈ ಧಕ್ಕೆಗೇ ತಂದರು, ನೂರೈವತ್ತಕ್ಕೂ ಹೆಚ್ಚು ಮಂದಿ ಊರಾಚೆಯ ಸ್ಮಶಾನದಲ್ಲಿದ್ದಾರೆ. ಭಾರತೀಯರಾದ ನಮಗೆ ನೆನಪಾಗಬೇಕಾದದ್ದು 1985ರ ಜೂನ್ 23. ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಇದೇ ಕೌಂಟಿಯ ಆಚೆಯ ಸಾಗರದ ಮೇಲೆ ಬಾಂಬ್ ಸ್ಫೋಟಕ್ಕೆ ಸಿಲುಕಿ 329 ಜನ ಸತ್ತಾಗ, ಐರಿಷ್ ನೌಕಾಪಡೆಯ ‘ಆಷ್ಲಿಂಗ್’ ಹಡಗು ಶೋಧಕಾರ್ಯದ ಮುಂಚೂಣಿಯಲ್ಲಿತ್ತು. ಸಿಕ್ಕ 131 ದೇಹಗಳನ್ನು ಕಾರ್ಕ್‌ನ ಆಸ್ಪತ್ರೆಗೆ ತರಲಾಯಿತು. ಸ್ಮಾರಕವಿರುವ ಅಹಕಿಸ್ಟಾ ಬಹಳ ದೂರ. ಹಡಗಿನಿಂದ ಇಳಿದವರಿಗೆ ಒಂದು ಹಗಲಿನಲ್ಲಿ ಹೋಗಿಬರುವುದು ಕಷ್ಟ.

ಬಂದರಿನ ಮೇಲೆ ಎದ್ದುನಿಂತ ಸೇಂಟ್ ಕೋಲ್ಮನ್ ಕ್ಯಾಥೆಡ್ರಲ್‌ಗೆ ಏರು ಹತ್ತಬೇಕು, ಮಂಡಿನೋವಿನವರು ಯೋಚಿಸಿ ಹೊರಡುವುದು ಒಳ್ಳೆಯದು. ಅಲ್ಲಿನ 49 ಗಂಟೆಗಳ ನಾದ ಕೆಳಗಿನ ಧಕ್ಕೆಯವರೆಗೂ ಕೇಳುತ್ತದೆ.

ಕಾರ್ಕ್‌ಗೆ ರೈಲಿನಲ್ಲಿ ಇಪ್ಪತ್ತೈದು ನಿಮಿಷ. ಲೀ ನದಿ ಎರಡು ಕವಲಾಗಿ ಹರಿದು ನಗರದ ನಡುಭಾಗವನ್ನು ದ್ವೀಪ ಮಾಡಿದೆ. 1788ರಿಂದ ನಡೆಯುತ್ತಿರುವ ಇಂಗ್ಲಿಷ್ ಮಾರ್ಕೆಟ್‌ನಲ್ಲಿ ಮೀನು, ಮಾಂಸದ ಅಂಗಡಿಗಳೇ ಹೆಚ್ಚು. ಸಸ್ಯಾಹಾರಿಗಳಾದ ನಾವು ಚೀಸು, ಬ್ರೆಡ್ಡುಗಳ ಮುಂದೆ ನಿಂತೆವು. ಅಲ್ಲೊಂದು ಕಡೆ ಬೆಣ್ಣೆ ಸವರಿದ ಮೊಟ್ಟೆಗಳನ್ನು ಮಾರುತ್ತಿದ್ದರು: ಆಗತಾನೆ ಇಟ್ಟ ಮೊಟ್ಟೆಯ ಚಿಪ್ಪಿಗೆ ಬೆಣ್ಣೆ ಉಜ್ಜಿದರೆ ಅದರ ಸಣ್ಣ ರಂಧ್ರಗಳು ಮುಚ್ಚಿ ಹೆಚ್ಚು ದಿನ ಕೆಡುವುದಿಲ್ಲವಂತೆ. ಬೆಣ್ಣೆ ಈ ಊರಿನ ಸಿರಿಯ ಮೂಲವೂ ಹೌದು. 1770ರಲ್ಲಿ ಸ್ಥಾಪನೆಯಾದ ಇಲ್ಲಿನ ಬೆಣ್ಣೆ ವಿನಿಮಯ ಕೇಂದ್ರದಲ್ಲಿ ಗುಣ ಪರೀಕ್ಷಿಸಿ, ಉಪ್ಪು ಹಾಕಿದ ಬೆಣ್ಣೆಯನ್ನು ಮರದ ಪೀಪಾಯಿಗಳಲ್ಲಿ ತುಂಬಿ ವೆಸ್ಟ್ ಇಂಡೀಸ್‌ವರೆಗೂ ಕಳಿಸುತ್ತಿದ್ದರು.

ಆ ಕೇಂದ್ರದ ಹತ್ತಿರವೇ ಇರುವ ಶ್ಯಾಂಡನ್‌ನ ಸೇಂಟ್ ಆ್ಯನ್ ಚರ್ಚಿನಲ್ಲಿ ಗಂಟೆಗಳನ್ನು ಬಾರಿಸಲು ಯಾರಿಗೂ ಅವಕಾಶವಿದೆ. ಹಗ್ಗಗಳಿಗೆ ಒಂದರಿಂದ ಎಂಟರವರೆಗೆ ಸಂಖ್ಯೆಗಳು, ಕೈಗೆ ಸಂಖ್ಯೆಗಳಲ್ಲೇ ಬರೆದ ರಾಗದ ಹಾಳೆ. ಸಂಗೀತ ಕಲಿಯದ ನನ್ನ ಹೆಂಡತಿಯೂ ಎಳೆದದ್ದೇ ಎಳೆದದ್ದು, ಕೆಳಗಿನ ಬೀದಿಯವರು ಏನೆಂದುಕೊಂಡರೋ! ಕಂಪ್ಯೂಟರ್ ಕೆಲಸದಲ್ಲಿರುವವರು ವಿಶ್ವವಿದ್ಯಾಲಯವನ್ನೂ ನೋಡಬೇಕು. ಕಂಪ್ಯೂಟರ್‌ಗಳಿಗೆ ತಳಹದಿಯಾದ ಬೂಲಿಯನ್ ತರ್ಕದ ಜಾರ್ಜ್ ಬೂಲ್ 1849ರಲ್ಲಿ ಅಲ್ಲಿನ ಮೊದಲ ಗಣಿತ ಪ್ರಾಧ್ಯಾಪಕರಾದರು. ಅವರ ಪತ್ನಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಸೋದರನ ಮಗಳು.

ನಮಗೆ ನೋಡಲಾಗದೆ ಉಳಿದದ್ದು ಸ್ಪೈಕ್ ದ್ವೀಪ. ಕ್ಷಾಮದ ಕಾಲದಲ್ಲಿ, 1847ರಲ್ಲಿ, ಸೆರೆಮನೆಯಾದ ಆ ಕೋಟೆಗೆ ಕೋವ್‌ನಿಂದಲೇ ದೋಣಿ ಹೋಗುತ್ತದೆ. ನೋಡಿ ಬರಲು ಅರ್ಧ ಹಗಲು ಬೇಕು. ಆದ್ದರಿಂದ ಹಡಗಿನಲ್ಲಿ ಬರುವವರು ಕಾರ್ಕ್ ಅಥವಾ ಸ್ಪೈಕ್, ಎರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಬೇಕು.